ಮೂವತ್ತೆರಡಾದ ಮೇಲೆ ನಲವತ್ತೊಂದು

ನಾನು ಒಂದು ಸಾಹಿತ್ಯ ಪತ್ರಿಕೆಯ ಸಹಸಂಪಾದಕ. ಇದನ್ನು ಹೇಳಿಕೊಳ್ಳುವುದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ಸೂರತ್ತಿನಲ್ಲಿ ಕನ್ನಡ ಓದಲು ಬರೆಯಲು ಬರುವ ಯಾರನ್ನೇ ತಡೆದು ಕೇಳಿ, ಅವರೂ ಅದೇ ಪತ್ರಿಕೆಯ ಸಂಪಾದಕರೇ ಆಗಿರುತ್ತಾರೆ. ನಮ್ಮ 'ತಾಪಿತೀರ' ದೀಪಾವಳಿಗೊಮ್ಮೆ ಬರುತ್ತದೆ. ಶುರುವಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದ ರಾಮರಾಯರೊಬ್ಬರೇ ಸಂಪಾದಕರಾಗಿದ್ದರು. ಒಂದು ವರ್ಷ ಯಾರೋ ರೈಲ್ವೆಯವರು ತಮ್ಮ ಹೆಸರಿಲ್ಲವೆಂದು ಮುನಿಸಿಕೊಂಡು ನಮ್ಮ ಕನ್ನಡ ಸಂಘದ ಊಟಕ್ಕೆ ಬರಲಿಲ್ಲ. ಮಾರನೆಯ ವರ್ಷ ಅವರು ಗೌರವ ಸಂಪಾದಕರಾದರು. ಅವರು ಆದ ಮೇಲೆ ಇವರನ್ನು ಬಿಡುವುದು ಹೇಗೆ, ಇವರನ್ನು ಹಾಕಿದ ಮೇಲೆ ಇವರ ಮನೆಯವರನ್ನು ಬಿಡುವುದು ಹೇಗೆ ಎಂದು ಸಲಹಾ ಮಂಡಳಿ, ಓದುಗ ಮಂಡಳಿ ಎಲ್ಲ ಹುಟ್ಟಿಕೊಂಡವು. ಅಹಮದಾಬಾದಿಗೆ ವರ್ಗವಾಗಿ ಹೋದವರ ಹೆಸರು ತೆಗೆದರೆ ಬೇಜಾರಾದೀತೆಂದು ಅದೂ ಹಾಗೆಯೇ ಉಳಿಯಿತು. ಈಗ ಹೆಸರುಗಳಿಗೇ ಒಂದು ಇಡೀ ಪುಟ ಬೇಕು. ಜಾಗ ಸಾಲದೆ ಪರಿವಿಡಿಯನ್ನು ಕೈಬಿಟ್ಟಿದ್ದೇವೆ.

ಇಷ್ಟು ಜನ ಸೇರಿ ಓದುವ ಕ್ರಮವಾದರೂ ಏನು ಎಂದು ನೀವು ಕೇಳಬಹುದು. ಬಂದ ಕಥೆ ಕವನಗಳನ್ನು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಸ್ವಲ್ಪ ಹೊತ್ತಿಗೆ ಹೆಬ್ಬೆಟ್ಟುಗಳು ಏಳತೊಡಗುತ್ತವೆ. ನಾಲ್ಕೈದು ಹೆಬ್ಬೆಟ್ಟು ಎದ್ದಿವೆಯೆಂದರೆ ಯಾರೋ ಓದಿದ್ದಾರೆ ಎಂಬ ಧೈರ್ಯದಿಂದ ನಾನೂ ಒಂದನ್ನು ಎತ್ತುತ್ತೇನೆ. ಮಿಕ್ಕವರೂ ಇದೇ ಧೈರ್ಯದ ಮೇಲೆ ಬದುಕಿದ್ದಾರೆಂಬ ಅನುಮಾನ ನನಗೆ ಮೊದಲಿನಿಂದ ಇತ್ತು. ಆದರೆ ಅದನ್ನು ಬಾಯಿಬಿಟ್ಟು ಕೇಳಲು ಆಗುತ್ತದೆಯೇ? ನೀವು ಓದಿದಿರಾ ಎಂದು ಕೇಳಿದರೆ ನೀವು ಓದಿದಿರಾ ಎಂದು ತಿರುಗಿ ಕೇಳುತ್ತಾರೆ.

ಕಳೆದ ಸಂಚಿಕೆಗೆ ನಾನೂ ಒಂದು ಪ್ರಬಂಧ ಕೊಟ್ಟಿದ್ದೆ. ಸಂಘದ ಊಟದಲ್ಲಿ ಬಡಿಸುವವರ ಬಗ್ಗೆ. ಅದರಲ್ಲಿ ತುಪ್ಪದ ಗಿಂಡಿ ಹಿಡಿದು, ಮುಖ ನೋಡಿ ಹನಿ ಹಾಕುವ ಹಿರಿಯರೊಬ್ಬರು ಬರುತ್ತಾರೆ. ಹೆಸರು ಬೇರೆ ಇಟ್ಟಿದ್ದೆ, ಆದರೆ ಮೂಗಿನ ತುದಿಗೆ ಜಾರಿದ ಕನ್ನಡಕ ಮಾತ್ರ ರಾಮರಾಯರದೇ. ಬಿಡುಗಡೆಯ ದಿನ ಪ್ರತಿ ಕೈಗೆ ಬಂದಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಮೊದಲು ಹೆಸರು ನೋಡಿಕೊಂಡೆ, ಆಮೇಲೆ ನನ್ನ ಬರಹ ಹುಡುಕಿದೆ. ಇರಲಿಲ್ಲ. ಹಿಂದಿನಿಂದ ಮುಂದಕ್ಕೆ ತಿರುವಿದರೂ ಇರಲಿಲ್ಲ. ಕನ್ನಡಕ ಗುರುತು ಹಿಡಿದಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕರೆದರು, ಸಂಚಿಕೆಯ ಬಗ್ಗೆ ನಾಲ್ಕು ಮಾತಾಡಬೇಕಂತೆ. ಕಣ್ಣಿಗೆ ಬಿದ್ದದ್ದು ವಡೋದರಾದ ಶಕುಂತಲಮ್ಮನವರ ಕಥೆಯ ಕೊನೆಯ ಪುಟ. ಬಹಳ ವರ್ಷ ಮಾತು ಬಿಟ್ಟಿದ್ದ ತಂಗಿ ಅಕ್ಕನ ಮನೆಯ ಬಾಗಿಲು ತಟ್ಟುತ್ತಾಳೆ. ಒಳಗಿನಿಂದ ಅಕ್ಕ "ಯಾರದು?" ಎನ್ನುತ್ತಾಳೆ. ಅಲ್ಲಿಗೆ ಪುಟ ಮುಗಿಯಿತು. "ಬಾಗಿಲು ತೆರೆಯದೆ ಬಿಟ್ಟದ್ದೇ ಈ ಕಥೆಯ ಶಕ್ತಿ" ಎಂದು ಭಾಷಣ ಬಿಗಿದೆ. ಚಪ್ಪಾಳೆ ಬಿತ್ತು. ಶಕುಂತಲಮ್ಮ ಎದುರು ಸಾಲಿನಲ್ಲೇ ಕೂತಿದ್ದರು. ಅವರ ಮುಖ ಯಾಕೋ ಪೆಚ್ಚಾಗಿತ್ತು. ಹೊಗಳಿಕೆಗೆ ನಾಚಿಕೊಂಡರು ಎಂದುಕೊಂಡೆ.

ಆ ದಿನದಿಂದ ನಾನು ರಾಮರಾಯರ ಜೊತೆ ಲೆಕ್ಕಕ್ಕೆ ತಕ್ಕಷ್ಟೇ ಮಾತಾಡತೊಡಗಿದೆ. "ನನ್ನ ಬರಹ ಯಾಕೆ ಹಾಕಲಿಲ್ಲ ಅಂತ ಕೇಳಬಾರದೇನ್ರಿ?" ಎಂದು ಹೆಂಡತಿ ಹೇಳಿದಳು. ಸಹಸಂಪಾದಕನೇ ಹೋಗಿ ಹಾಗೆ ಕೇಳಿದರೆ ಸ್ಥಾನಕ್ಕೆ ಏನು ಬೆಲೆ? ಗೊತ್ತಿದ್ದೂ ಸುಮ್ಮನಿರುವವನ ಗಾಂಭೀರ್ಯದಲ್ಲಿ ಎರಡು ತಿಂಗಳು ಕಳೆದೆ.

ಉತ್ತರಾಯಣದ ಗಾಳಿಪಟಗಳ ಗಲಾಟೆಯೆಲ್ಲ ಮುಗಿದು, ತಾರಸಿಯ ತುಂಬ ದಾರ ಬಿದ್ದಿದ್ದ ಒಂದು ಬೆಳಗ್ಗೆ ಫೋನು ಬಂತು. ಇಲ್ಲೇ ಉಧ್ನಾ ಬಡಾವಣೆಯಲ್ಲಿ ಹೋಟೆಲ್ ನಡೆಸುವವರ ಮನೆಯಾಕೆ ಸುಜಾತಾ. ಜಾಹೀರಾತು ಕೊಟ್ಟದ್ದಕ್ಕೆ ಅವರಿಗೊಂದು ಪ್ರತಿ ಹೋಗಿತ್ತು. "ಸರ್, ಒಂದು ಕೇಳ್ಲಿಕ್ಕಿತ್ತು. ಆ ಅಕ್ಕ ಬಾಗಿಲು ತೆಗೀತಾಳಾ ಇಲ್ವಾ?" ಎಂದರು. ಯಾವ ಅಕ್ಕ ಎಂದೆ. "ನಿಮ್ಮ ಪುಸ್ತಕದ ಅಕ್ಕ ಮಾರಾಯ್ರೆ. ನಮ್ಮ ಅತ್ತೆಗೆ ಇಲ್ಲಿ ಕಣ್ಣಿನ ಆಪರೇಶನ್ ಆಗಿದೆ, ನಾನೇ ಓದಿ ಹೇಳುದು. ಯಾರದು ಅಂತ ಕೇಳಿದ್ಲು, ಪುಟ ತಿರುಗಿಸಿದ್ರೆ ಚಂದ್ರನ ಮೇಲೆ ಪದ್ಯ. ಬಾಗಿಲಿಗೆ ಬಂದದ್ದು ಚಂದ್ರನಾ ಅಂತ ಅತ್ತೆ ಕೇಳ್ತಾರೆ. ಮೂವತ್ತೆರಡಾದ ಮೇಲೆ ನಲವತ್ತೊಂದು ಉಂಟು ನೋಡಿ."

ನೋಡಿದೆ. ಹೌದು. ಮನೆಯಲ್ಲಿದ್ದ ಪ್ರತಿಗಳಲ್ಲೆಲ್ಲ ಹಾಗೇ ಇತ್ತು. ಎಂಟು ಪುಟ ಇಲ್ಲ. ಒಂದು ಪುಟ ತುಂಬ ಸಂಪಾದಕರಿರುವ ಪತ್ರಿಕೆಯಲ್ಲಿ ಅದು ಯಾರಿಗೂ ಕಂಡಿರಲಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಸುಜಾತಾ ಮಾತ್ರ ದನಿ ತಗ್ಗಿಸಿ ಮುಂದುವರಿಸಿದರು: "ಅತ್ತೆಗೂ ಒಬ್ರು ತಂಗಿ ಇದ್ದಾರೆ ಊರಲ್ಲಿ. ಮಾತಿಲ್ಲ. ಭಾನುವಾರ ಅತ್ತೆ ಊರಿಗೆ ಹೊರಡ್ತಾರೆ. ಕತೆ ಎಂತ ಆಗ್ತದೆ ನೋಡಿ ಹೋಗುದೋ ಬೇಡವೋ ಹೇಳ್ತೇನೆ ಅಂತ ಕೂತಿದ್ದಾರೆ."

ಶಕುಂತಲಮ್ಮನವರಿಗೆ ಫೋನ್ ಮಾಡಿದೆ. "ಕೊನೆಯನ್ನ ನೀವೇ ಕತ್ತರಿಸಿದಿರಿ ಅಂದುಕೊಂಡಿದ್ದೆ ಕಣಪ್ಪ" ಎಂದರು. "ಸ್ಟೇಜ್ ಮೇಲೆ ಅದನ್ನೇ ಹೊಗಳಿದಿರಲ್ಲ. ನನಗಿಂತ ತಿಳಿದವರು, ಇರಲಿ ಅಂತ ಸುಮ್ಮನಾದೆ." ಗಾಂಭೀರ್ಯ ಮುರಿದು ರಾಮರಾಯರಿಗೂ ಮಾಡಿದೆ. "ಅಯ್ಯೋ, ನಿಮ್ಮ ಪ್ರಬಂಧಾನೂ ಅದರಲ್ಲೇ ಹೋಯಿತೇ? ನೀವೇ ಯೋಚನೆ ಮಾಡಿ ವಾಪಸ್ ತಗೊಂಡಿರಿ ಅಂತ ತಿಳಿದಿದ್ದೆ. ಒಳ್ಳೆ ತೀರ್ಮಾನ ಅಂತ ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದೆ" ಎಂದರು. ಸಂಪಾದಕರು ಹೆಚ್ಚಾದಾಗ ಕಳೆದುಹೋದದ್ದೆಲ್ಲ ಯಾರದೋ ತೀರ್ಮಾನದ ಹಾಗೆ ಕಾಣುತ್ತದೆ. ನಾನಂತೂ ಎರಡು ತಿಂಗಳು ಕೋಪಿಸಿಕೊಂಡದ್ದು ಒಬ್ಬ ನಿರಪರಾಧಿಯ ಮೇಲೆ. ಆ ಕೋಪವನ್ನು ಈಗ ಎಲ್ಲಿ ಇಳಿಸುವುದೆಂದು ತೋಚಲಿಲ್ಲ.

ನಮ್ಮ ಮುದ್ರಕರು ಹಸ್ಮುಖಭಾಯಿ. ಸೀರೆ ಡಬ್ಬಿಗಳ ಲೇಬಲ್ಲು ಅವರ ಮುಖ್ಯ ಕೆಲಸ, ವರ್ಷಕ್ಕೊಮ್ಮೆ ನಮ್ಮದು. ಅವರಿಗೆ ಕನ್ನಡ ಬಾರದು. ಅಭಿಮಾನದಿಂದ ಪುಟಸಂಖ್ಯೆಯನ್ನೂ ಕನ್ನಡ ಅಂಕಿಯಲ್ಲೇ ಹಾಕಬೇಕೆಂದು ಹಟ ಹಿಡಿದವರು ನಾವು. ಹೋಗಿ ಕೇಳಿದರೆ ಲೇಬಲ್ಲುಗಳ ರಾಶಿಯ ಹಿಂದಿನಿಂದ ಒಂದು ಕಟ್ಟು ಎಳೆದರು. ಎಂಟೆಂಟು ಪುಟ ಅಚ್ಚಾದ ದೊಡ್ಡ ಹಾಳೆಗಳು, ಮಡಚಿಯೇ ಇಲ್ಲ. "ಇದು ಹೆಚ್ಚಿಗೆ ಉಳಿದದ್ದು ಅಂದುಕೊಂಡೆ ಸಾಹೇಬ್. ನೀವು ಯಾರೂ ಕೇಳಲಿಲ್ಲ" ಎಂದರು ಹಿಂದಿಯಲ್ಲಿ. ಅವರ ಮೇಲೆ ರೇಗಲು ಬಾಯಿ ಬರಲಿಲ್ಲ.

ಒಂದು ಹಾಳೆ ಹಿಡಿದು ಆಟೋ ಹತ್ತಿದೆ. ದಾರಿಯಲ್ಲಿ ಹೊಸ ಹೆದರಿಕೆ ಶುರುವಾಯಿತು. ಅಕ್ಕ ಬಾಗಿಲು ತೆಗೆಯದಿದ್ದರೆ? ತೆಗೆದು ಬೈದು ಕಳಿಸಿದರೆ? ಈ ಕಥೆಗೆ ಹೆಬ್ಬೆಟ್ಟು ಎತ್ತಿದವನು ನಾನು, ಆದರೆ ಅದು ಹೇಗೆ ಮುಗಿಯುತ್ತದೆಂದು ನನಗೇ ಗೊತ್ತಿಲ್ಲ. ಎಲ್ಲೋ ಇಬ್ಬರು ಮುದುಕಿಯರ ಮಾತುಕತೆ ನನ್ನ ತೊಡೆಯ ಮೇಲಿತ್ತು. ಓದೋಣವೆಂದು ಹಾಳೆ ಬಿಚ್ಚಿದೆ. ಮಡಚದ ಹಾಳೆಯಲ್ಲಿ ಅರ್ಧ ಪುಟಗಳು ತಲೆಕೆಳಗಾಗಿರುತ್ತವೆ ಎಂಬುದು ಆಗ ತಿಳಿಯಿತು. ಗಾಳಿಗೆ ಹಾಳೆ ಚಾಲಕನ ಮುಖಕ್ಕೆ ಹೊಡೆಯಿತು. ಅವನು ಗುಜರಾತಿಯಲ್ಲಿ ಏನೋ ಅಂದ, ನಾನು ಮಡಚಿಟ್ಟುಕೊಂಡೆ.

ಹೋಟೆಲಿನ ಮೇಲೆಯೇ ಮನೆ. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. "ಪುಸ್ತಕದವರು ಬಂದಿದ್ದಾರೆ" ಎಂದು ಸುಜಾತಾ ಹೇಳಿದಾಗ ಕೈಮುಗಿದರು. ಹಾಳೆಯನ್ನು ಕತ್ತರಿಸಿ ಜೋಡಿಸಿ ಸುಜಾತಾ ಓದಲು ಕೂತರು. ನಾನು ಕಾಫಿ ಲೋಟ ಹಿಡಿದು, ಪರೀಕ್ಷೆ ಬರೆದವನ ಹಾಗೆ ಕೇಳುತ್ತಿದ್ದೆ. ತಂಗಿ ಹೊರಗಿನಿಂದ "ನಾನು" ಎನ್ನುತ್ತಾಳೆ. ಒಳಗೆ ಸದ್ದಿಲ್ಲ. ಹಳೆಯದೆಲ್ಲ ನೆನಪಾಗುತ್ತ ಮೂರು ಪುಟ ಕಳೆಯುತ್ತವೆ. ಕೊನೆಗೆ ಬಾಗಿಲು ತೆರೆಯುತ್ತದೆ. ಅಕ್ಕ ತಂಗಿಯ ಮುಖ ನೋಡುವುದಿಲ್ಲ, ಕಾಲು ನೋಡಿ ಹೇಳುತ್ತಾಳೆ: "ಚಪ್ಪಲಿ ಒಳಗೇ ಬಿಡು. ಇಲ್ಲಿ ನಾಯಿ ಕಚ್ಚಿಕೊಂಡು ಹೋಗುತ್ತೆ."

"ಅಷ್ಟೆಯಾ?" ಎಂದರು ಅತ್ತೆ.

"ಅಷ್ಟೇ" ಎಂದರು ಸುಜಾತಾ.

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಅಷ್ಟು ಸಾಕು. ಇಳಿದ ಕೂಡಲೇ ಮೊದಲು ಅವಳಲ್ಲಿಗೇ ಹೋಗ್ತೇನೆ. ಅವಳ ಮನೆಯಲ್ಲೂ ನಾಯಿ ಉಂಟು" ಎಂದರು. ಇಷ್ಟು ವರ್ಷ ಪತ್ರಿಕೆ ಹೊರಡಿಸಿದ್ದು ಸಾರ್ಥಕ ಅನಿಸಿತು. ಅಲ್ಲಿಗೆ ನಾನು ಎದ್ದು ಬಂದಿದ್ದರೆ ಚೆನ್ನಾಗಿತ್ತು. ಆದರೆ ಉಳಿದ ನಾಲ್ಕು ಪುಟಗಳಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತಲ್ಲ. "ಇನ್ನೂ ಒಂದು ಇದೆ" ಎಂದು ನಾನೇ ಹೇಳಿದೆ.

ಸುಜಾತಾ ಓದಿದರು. ಎಲೆ ಹಾಸಿದ್ದಾಯಿತು, ಪಲ್ಯ ಬಂದಾಯಿತು. ತುಪ್ಪದ ಗಿಂಡಿ ಬರುವ ಹೊತ್ತಿಗೆ ಅತ್ತೆ ಕೈ ಎತ್ತಿದರು. "ಸಾಕು ಮಗಾ. ಇದನ್ನು ಯಾರೋ ತಿಳಿದವರೇ ತೆಗೆದದ್ದು. ಇದರೊಟ್ಟಿಗೆ ಪಾಪ, ಆ ಕತೆಯೂ ಹೋಯ್ತು." ಆಮೇಲೆ ನನ್ನ ಕಡೆ ತಿರುಗಿ, "ಬರೆದದ್ದು ಯಾರು?" ಎಂದು ಕೇಳಿದರು. ಸುಜಾತಾ ಪುಟದ ಮೇಲಿನ ಹೆಸರು ನೋಡಿ, ನನ್ನನ್ನು ನೋಡಿ, ಇನ್ನೊಂದು ಕಾಫಿ ತರುತ್ತೇನೆಂದು ಎದ್ದು ಹೋದರು. "ನಮ್ಮಲ್ಲೇ ಯಾರೋ ಒಬ್ಬರು" ಎಂದೆ.

ಸುಜಾತಾ ಅವರ ಹೆಸರನ್ನು ಸಂಪಾದಕರ ಪುಟಕ್ಕೆ ಸೇರಿಸಬೇಕೆಂದು ಬರುವ ದಾರಿಯಲ್ಲಿ ನಿಶ್ಚಯಿಸಿಕೊಂಡೆ. ಆದರೆ ಹೆಸರು ಹಾಕಿದ ಮೇಲೆ ಅವರೂ ಓದುವುದನ್ನು ಬಿಟ್ಟರೆ ನಮಗೆ ಇನ್ನು ಯಾರಿದ್ದಾರೆ ಎಂದು ಆ ಯೋಚನೆ ಬಿಟ್ಟೆ. ಉಳಿದ ಹಾಳೆಗಳನ್ನು ಕತ್ತರಿಸಿ ಎಲ್ಲರ ಮನೆಗೆ ಕಳಿಸುವ ಕೆಲಸ ಈಗ ನನಗೇ ಬಿದ್ದಿದೆ. ಊಟದ ಮೇಜಿನ ಮೇಲೆ ಕತ್ತರಿ ಹಿಡಿದು ಕೂತಿದ್ದೇನೆ. "ಎಂಟು ಪುಟ ಅಂದಿರಿ, ನಾಲ್ಕನ್ನ ಯಾಕೆ ಈ ಕಡೆ ಎತ್ತಿಡ್ತಿದ್ದೀರಿ?" ಎಂದು ಹೆಂಡತಿ ಕೇಳಿದಳು. ಇದೇ ಮೊದಲ ಸಲ ಸಂಪಾದಕನ ಕೆಲಸ ಮಾಡುತ್ತಿದ್ದೇನೆ, ಮಾತಾಡಿಸಬೇಡ ಎಂದೆ.