ನನ್ನ ಹಾಸ್ಯ ಸಂಶೋಧನೆಯ ಮೂರನೇ ಅಧ್ಯಾಯ

ನಗುವವರಿಗೆ ಇಲ್ಲದ ಒಂದು ಕಷ್ಟ ನಗುವಿನ ಬಗ್ಗೆ ಅಧ್ಯಯನ ಮಾಡುವವರಿಗಿದೆ. ಆ ಅಧ್ಯಯನವನ್ನು ಮನೆಯವರು ಕೆಲಸ ಅಂತ ಒಪ್ಪುವುದೇ ಇಲ್ಲ. ನಾನು ಶಹಾಪುರದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವನು. ಸಿನಿಮಾ, ಟಿ.ವಿ. ಹಾಸ್ಯದಿಂದ ಸಮಾಜಕ್ಕೇನು ಉಪಯೋಗ ಅನ್ನುವುದರ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಅಂದರೆ ಸಂಜೆ ಮಂಚದ ಮೇಲೆ ಕಾಲು ಚಾಚಿ ಟಿ.ವಿ. ನೋಡುತ್ತೇನೆ. "ನಿನ್ ಮಗ ಏನ್ ಮಾಡಾಕತ್ತಾನಬೇ?" ಅಂತ ಯಾರಾದರೂ ಕೇಳಿದರೆ ನಮ್ಮವ್ವ "ಓದಾಕತ್ತಾನ" ಅಂತ ಹೇಳಿ ಮಾತು ಬದಲಿಸುತ್ತಾಳೆ.

ಮೂರನೇ ಅಧ್ಯಾಯವನ್ನು ಮಾರ್ಗದರ್ಶಕರು ಮತ್ತೆ ಮತ್ತೆ ತಿರುಗಿಸಿ ಕಳಿಸಿದ್ದರು. "ಹಾಸ್ಯ ಬಡವರ ಬಾಯಿ ಬಿಚ್ಚಸ್ತದ ಅಂತ ಬರ್ದೀರಿ. ಯಾರ ಬಾಯಿ ಬಿಚ್ಚೇದ? ಒಂದು ಉದಾಹರಣೆ ತರ್ರಿ, ಇಲ್ಲಂದ್ರ ವಿಷಯಾನೇ ಬಿಡ್ರಿ" ಅಂದರು. ಅಂದಿನಿಂದ ಯಾರು ನಕ್ಕರೂ ಅವರ ಬಾಯನ್ನೇ ನೋಡತೊಡಗಿದೆ. "ಮಂದಿ ಹಲ್ಲು ಎಣಸಬ್ಯಾಡ್ರಿ, ನನಗ ನಾಚಿಗಿ ಬರ್ತದ" ಎಂದಳು ಹೆಂಡತಿ ಶರಣಮ್ಮ.

ಅಷ್ಟರಲ್ಲಿ ಪಕ್ಕದ ಮನೆಯ ಮಲ್ಲಮ್ಮ ದೇವರು ಕಳಿಸಿದ ಹಾಗೆ ಬಂದಳು. ಕಾಲುವೆಗೆ ನೀರು ಬಿಟ್ಟಿದ್ದರಿಂದ ಭತ್ತದ ನಾಟಿಗೆ ಕೂಲಿ ಹೋಗುತ್ತಿದ್ದಳು. ಹಿಂದಿನ ದಿನ ನಮ್ಮ ಟಿ.ವಿ.ಯಲ್ಲಿ ಆಳೊಬ್ಬ ಯಜಮಾನನನ್ನು ಅಣಕಿಸುವುದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕವಳು, ಇವತ್ತು ಗದ್ದೆಯಲ್ಲಿ ತಾನೇ ಸಾವ್ಕಾರನ ಹಾಗೆ ಟವೆಲ್ಲು ಹೆಗಲಿಗೇರಿಸಿ, ಹೊಟ್ಟೆ ಮುಂದೆ ಮಾಡಿ, "ಬಾಗ್ರಿ, ಬಾಗ್ರಿ, ನಡಾ ಎತ್ತಬ್ಯಾಡ್ರಿ" ಅಂದಳಂತೆ. ಹಿಂದೆಯೇ ಸಾವ್ಕಾರ ನಿಂತಿದ್ದ.

"ಮಂದಿ ನಕ್ಕದ್ದು ನೋಡಿ ಅವಗೂ ನಗು ತಡೀಲಿಲ್ರಿ ಮಾಸ್ತರ್ರೇ. ಸಾಕು, ಉಣ್ಣಾಕ ಹೋಗ್ರಿ ಅಂದ."

ನನಗೆ ಕುಣಿಯುವಷ್ಟು ಖುಷಿ. ಮೂರನೇ ಅಧ್ಯಾಯ ಕಾಲು ಮೂಡಿ ಮನೆಗೇ ನಡೆದು ಬಂದಿತ್ತಲ್ಲ! ಕೋಣೆಯ ತುಂಬ ಅಡ್ಡಾಡುತ್ತ ಅವ್ವ, ಶರಣಮ್ಮ, ಮಲ್ಲಮ್ಮ ಮೂವರಿಗೂ ಭಾಷಣ ಬಿಗಿದೆ. ನಗು ಬಂತೆಂದರೆ ಅಂಜಿಕೆ ಹೋಗುತ್ತದೆ, ದೊಡ್ಡವರು ನೆಲಕ್ಕಿಳಿಯುತ್ತಾರೆ, ಸಮಾಜ ಬದಲಾಗುವುದೇ ಹೀಗೆ ಅಂದೆ. ನಡುವೆ ಶರಣಮ್ಮನಿಗೆ ಚಹಾ ಹೇಳಿದೆ, ಕನ್ನಡಕ ತರಿಸಿದೆ, ಫ್ಯಾನು ಜೋರು ಮಾಡಿಸಿದೆ. ಅವಳು ಏನೋ ಹೇಳಹೋದಾಗ "ತಡಿ, ನಾ ಮಾತಾಡಾಕತ್ತೇನಿ" ಎಂದೆ.

ಶರಣಮ್ಮ ಗೂಟದಲ್ಲಿದ್ದ ನನ್ನ ಶಲ್ಯ ಹೊದ್ದಳು. ಕೈ ಹಿಂದೆ ಕಟ್ಟಿ, ಕತ್ತು ಮುಂದೆ ಚಾಚಿ, ಥೇಟ್ ನನ್ನ ಹಾಗೆ ಅಡ್ಡಾಡತೊಡಗಿದಳು. "ಬಡವರ ಬಾಯಿ ಬಿಚ್ಚಬೇಕು. ಏ ಇಕಿನ, ಬಾಯಿ ಮುಚ್ಚಿ ಚಹಾ ತಾ. ಅಂಜಿಕಿ ಹೋಗಬೇಕು. ಸಕ್ರಿ ಯಾಕ ಕಮ್ಮಿ ಹಾಕೀದಿ?"

ಮಲ್ಲಮ್ಮ ಗೋಡೆಗೆ ಒರಗಿದಳು. ನನ್ನ ಹೆತ್ತ ತಾಯಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ "ಇನ್ನೊಮ್ಮಿ ಮಾಡಬೇ" ಅಂದಳು.

"ಇದರಾಗ ನಗೋದೇನದ?" ಅಂತ ಕೂಗಿ ಹೊರಗೆ ಹೋದೆ. ಬಾಗಿಲಾಚೆಗೂ ನಗು ಕೇಳುತ್ತಿತ್ತು.

ಮಲ್ಲಮ್ಮನ ಪುಣ್ಯದಿಂದ ಅಧ್ಯಾಯ ಒಪ್ಪಿಗೆಯಾಯಿತು. ಮಾರ್ಗದರ್ಶಕರು ಬೆನ್ನು ತಟ್ಟಿ, "ಒಂದು ಮಾತ್ರ ಕಮ್ಮಿ ಅದ. ನಿಮ್ಮ ಸಾವ್ಕಾರ ನಕ್ಕುಬಿಟ್ಟ, ದೊಡ್ಡವ. ನಗಲಾರದ ಸಿಟ್ಟಿಗೇಳೋ ಸಣ್ಣ ಮನಷ್ಯಾ ಇರ್ತಾನಲ್ಲ, ಅಂಥಾವನೊಬ್ಬನ್ನ ಹುಡುಕಿ ಮಾತಾಡಸ್ರಿ" ಎಂದರು.

"ಅಂಥವರು ನಮ್ಮ ಕಡಿ ಸಿಗೂದು ಭಾಳ ಕಷ್ಟರೀ ಸರ್" ಎಂದೆ.