‘ನೋಡುವ’ ಎಂಬ ಆಶ್ವಾಸನೆ

ನಮ್ಮ ಪೊರ್ಬುಗಳಿಗೆ ತಲೆ ಸರಿ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ತಲೆ ಚೆನ್ನಾಗಿಯೇ ಇದೆ. ಅದು ಇರುವುದು ದಿಲ್ಲಿಯ ಸಂಸತ್ ಭವನದಲ್ಲಿ, ಅಷ್ಟೇ. ಉಳಿದ ದೇಹ ಉಡುಪಿಯ ಪಕ್ಕದ ಸಂತೆಕಟ್ಟೆಯಲ್ಲಿದೆ. ಅದೂ ಎಲ್ಲಿ? ನಾನು ಮಾರಲಿಕ್ಕೆ ಇಟ್ಟ ಸೋಫಾದ ಮೇಲೆ!

ಪೊರ್ಬು ಎಂದರೆ ಹೆಸರಲ್ಲ. ಕೊಂಕಣಿ ಮಾತನಾಡುವ ಕ್ರಿಶ್ಚಿಯನ್ ಗಂಡಸರನ್ನು ನಮ್ಮ ಕಡೆಯ ತುಳುವರು ಮರ್ಯಾದೆಯಿಂದ ಕರೆಯುವುದು ಹಾಗೆ. ಇವರ ನಿಜವಾದ ಹೆಸರು ಹೇಳಿದರೆ ನಾಳೆಯೇ ನನ್ನ ಮೇಲೆ ಹಕ್ಕುಚ್ಯುತಿ ಮಂಡಿಸಿಯಾರು. ಆದ್ದರಿಂದ ಪೊರ್ಬುಗಳೆಂದೇ ಇರಲಿ.

ನನ್ನದು ಹಳೆಯ ಸಾಮಾನುಗಳ ವ್ಯಾಪಾರ. ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಡುವ ವಿದ್ಯಾರ್ಥಿಗಳಿಂದ ಮಂಚ, ಮೇಜು, ಫ್ರಿಜ್ಜು ಕೊಳ್ಳುತ್ತೇನೆ. ಹೊಸದಾಗಿ ಓದಲು ಬಂದವರಿಗೆ ಅವನ್ನೇ ಮಾರುತ್ತೇನೆ. ನನ್ನಲ್ಲಿರುವ ಒಂದು ಫ್ರಿಜ್ಜು ಎರಡು ಸಲ ಎಂಜಿನಿಯರಿಂಗ್ ಮುಗಿಸಿ ಈಗ ವೈದ್ಯಕೀಯಕ್ಕೆ ಕಾಯುತ್ತಿದೆ! ಬರಿಗೈಯಲ್ಲಿ ಬಂದು ಅಂಗಡಿ ಇಟ್ಟವನು ನಾನು, ಹಾಗಾಗಿ ನಾಲ್ಕು ಜನರಿಗೆ ಬುದ್ಧಿ ಹೇಳುವ ಹಕ್ಕು ನನಗಿದೆ ಎಂದು ತಿಳಿದಿದ್ದೇನೆ. ಒಂದನ್ನು ಈಗಲೇ ಕೇಳಿಕೊಳ್ಳಿ, ದುಡ್ಡು ಬೇಡ. "ನೋಡುವ" ಎಂದು ಹೇಳಿ ಅಂಗಡಿಯ ಮೆಟ್ಟಿಲು ಇಳಿದ ಗಿರಾಕಿ ತಿರುಗಿ ಬರುವುದಿಲ್ಲ. ಬಂದ ಉದಾಹರಣೆಯೇ ಇಲ್ಲ. ನಮ್ಮ ಊರಿನಲ್ಲಿ ಯಾರೂ ಮುಖಕ್ಕೆ ಹೊಡೆದ ಹಾಗೆ "ಇಲ್ಲ" ಎನ್ನುವುದಿಲ್ಲ. ನೋಡೋಣ ಎನ್ನುವುದನ್ನು ನಮ್ಮ ಕನ್ನಡದಲ್ಲಿ "ನೋಡುವ" ಎನ್ನುತ್ತಾರೆ, ಕೊಂಕಣಿಯಲ್ಲಿ "ಪಳೆವ್ಯಾಂ" ಎನ್ನುತ್ತಾರೆ, ತುಳುವಿನಲ್ಲಿ "ತೂಕ" ಎನ್ನುತ್ತಾರೆ. ಮೂರು ಭಾಷೆಯಲ್ಲಿಯೂ ಅರ್ಥ ಒಂದೇ: ಆಗುವುದಿಲ್ಲ! ತುಳುವಿನ ತೂಕವನ್ನು ತಕ್ಕಡಿಯಲ್ಲಿಟ್ಟು ನೋಡಿ, ಮುಳ್ಳು ಅಲುಗಿದರೆ ಕೇಳಿ.

ಇಂಥ ಊರಿನಲ್ಲಿ ಹುಟ್ಟಿ ಬೆಳೆದೂ "ನೋಡುವ" ಎನ್ನುವುದನ್ನು ನಿಜವೆಂದು ನಂಬುವ ಒಬ್ಬರೇ ಒಬ್ಬರು ನಮ್ಮ ಪೊರ್ಬುಗಳು.

ಸೋಫಾದಿಂದ ಎಬ್ಬಿಸಿ ಕಳಿಸಬಾರದೇ ಎಂದು ನೀವು ಕೇಳಬಹುದು. ಹೇಗೆ ಕಳಿಸಲಿ? ಅಂಗಡಿಯ ಕಟ್ಟಡವೇ ಅವರದು! ಮಸ್ಕತ್ತಿನಲ್ಲಿ ದುಡಿದು ಬಂದು ಕಟ್ಟಿಸಿದ್ದು. ಮನೆ ಹಿಂದೆಯೇ. ಅವರ ಹೆಂಡತಿ ಬಾಯಮ್ಮ ಬೆಳಿಗ್ಗೆ ತಿಂಡಿ ಕೊಟ್ಟು, "ಅಂಗಡಿಯಲ್ಲಿ ಹೋಗಿ ಕೂತುಕೊಳ್ಳಿ, ಅಲ್ಲಿ ಒಳ್ಳೆ ಗಾಳಿ ಉಂಟು" ಎಂದು ಸಾಗಹಾಕುತ್ತಾರೆ. ಹೆದ್ದಾರಿಯ ಬದಿಯಲ್ಲಿ ಎಂತ ಗಾಳಿ? ಧೂಳು! ಆ ಧೂಳಿನಲ್ಲಿ ಕುಳಿತು, ಮೊಬೈಲನ್ನು ಗಟ್ಟಿಯಾಗಿ ಹಚ್ಚಿ, ಪೊರ್ಬುಗಳು ಸಂಸತ್ತಿನ ಪ್ರಶ್ನೋತ್ತರ ವೇಳೆಯನ್ನು ನೋಡುತ್ತಾರೆ. ಅಧಿವೇಶನ ಇಲ್ಲದ ದಿನಗಳಲ್ಲಿ ಹಳೆಯದನ್ನೇ ಮತ್ತೆ ನೋಡುತ್ತಾರೆ. ಅದೂ ಮುಗಿದರೆ ಸದನ ನನ್ನ ಅಂಗಡಿಯಲ್ಲಿ ಸೇರುತ್ತದೆ. ಆಗ ನಾನು "ಮಾನ್ಯ ಸಚಿವರು"!

ಸಂಸತ್ತಿನ ಪ್ರಶ್ನೆಗೆ ಒಂದು ಅಚ್ಚು ಇದೆಯಷ್ಟೆ. ಇಂಥದ್ದು ನಿಜವೇ, ಹಾಗಿದ್ದಲ್ಲಿ ಅದರ ವಿವರಗಳೇನು, ಇಲ್ಲದಿದ್ದಲ್ಲಿ ಕಾರಣಗಳೇನು. ಪೊರ್ಬುಗಳ ಬಾಯಿ ಈಗ ಆ ಅಚ್ಚಿನಲ್ಲಿಯೇ ತೆರೆಯುತ್ತದೆ. ಒಮ್ಮೆ ಬೆಳ್ಮಣ್ಣಿನಲ್ಲಿ ಒಂದು ಕಪಾಟು ನೋಡಲಿಕ್ಕಿತ್ತು. ಬೇಡವೆಂದರೂ ಜೊತೆಗೆ ಬಂದರು. ಉಡುಪಿಯಲ್ಲಿ ಕಾರ್ಕಳದ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಕಂಡಕ್ಟರನನ್ನು ಕೇಳಿದರು:

"ಈ ಬಸ್ಸು ಬೆಳ್ಮಣ್ಣಿನಲ್ಲಿ ನಿಲ್ಲುವುದು ನಿಜವೇ? ಹಾಗಿದ್ದಲ್ಲಿ ಎಷ್ಟು ಹೊತ್ತಿಗೆ? ಇಲ್ಲದಿದ್ದಲ್ಲಿ ಕಾರಣ ಎಂತ?"

ಕಂಡಕ್ಟರ್ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ಅಜ್ಜ, ಹೋಗುವುದಾದರೆ ಹತ್ತಿ, ಇಲ್ಲದಿದ್ದಲ್ಲಿ ಇಳೀರಿ. ಕಾರಣ ಎಲ್ಲ ಬೇಡ, ಹಿಂದಿನ ಬಸ್ಸು ಬಂತು!"

"ನೋಡಿ, ಉತ್ತರ ತಪ್ಪಿಸುತ್ತಿದ್ದಾನೆ" ಎಂದು ಪೊರ್ಬುಗಳು ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಬಸ್ಸು ಹೋಯಿತು. ಕಪಾಟನ್ನು ಬೇರೆ ಯಾರೋ ಕೊಂಡರು.

ಈ ಹುಚ್ಚು, ಅಲ್ಲ ಅಲ್ಲ, ಈ ಸಂಸದೀಯ ಆಸಕ್ತಿ ಸುಮ್ಮನೆ ಹತ್ತಿದ್ದಲ್ಲ. ಪೊರ್ಬುಗಳಿಗೆ ಒಬ್ಬರು ಅಕ್ಕ. ಎಳೆಯ ವಯಸ್ಸಿನಲ್ಲಿಯೇ ಕಾನ್ವೆಂಟಿಗೆ ಸೇರಿ, ನರ್ಸಿಂಗ್ ಕಲಿತು, ಪೆಸಿಫಿಕ್ ಸಾಗರದ ಒಂದು ದ್ವೀಪಕ್ಕೆ ಸೇವೆಗೆಂದು ಹೋದವರು. ಆ ದ್ವೀಪವನ್ನು ಪೊರ್ಬುಗಳು ನನಗೆ ಭೂಪಟದಲ್ಲಿ ತೋರಿಸಿದ್ದರು. ನಾನು ಅದನ್ನು ನೊಣದ ಹಿಕ್ಕೆ ಎಂದು ತಿಳಿದು ಉಗುರಿನಿಂದ ಕೆರೆದೆ. ಅವತ್ತು ಸಂಜೆಯವರೆಗೆ ಮಾತು ಬಿಟ್ಟರು!

ವಯಸ್ಸಾಯಿತು, ಇನ್ನು ಊರಿಗೆ ಹೋಗಿ ತಮ್ಮನ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಕಾನ್ವೆಂಟಿನವರು ಸಿಸ್ಟರಿಗೆ ಒಪ್ಪಿಗೆ ಕೊಟ್ಟ ವರ್ಷವೇ ಅಲ್ಲಿ ಚಂಡಮಾರುತ ಬಂತು. ಅವರ ಪೆಟ್ಟಿಗೆ, ಪೆಟ್ಟಿಗೆಯೊಳಗಿನ ಪಾಸ್‌ಪೋರ್ಟು ಎಲ್ಲ ಸಮುದ್ರಪಾಲು. ಆ ದ್ವೀಪದಲ್ಲಿ ನಮ್ಮ ದೇಶದ ಕಚೇರಿ ಇಲ್ಲ. ಅದನ್ನು ನೋಡಿಕೊಳ್ಳುವ ರಾಯಭಾರಿ ಇರುವುದು ವಿಮಾನ ಹತ್ತಿ ಹೋಗಬೇಕಾದ ಇನ್ನೊಂದು ದೇಶದಲ್ಲಿ. ಹೊಸ ಪಾಸ್‌ಪೋರ್ಟಿಗೆ ಬೆರಳಚ್ಚು, ಸಹಿ ಎಲ್ಲ ಅಧಿಕಾರಿಗಳ ಎದುರಿನಲ್ಲೇ ಆಗಬೇಕಂತೆ.

"ಹಾಗಾದರೆ ಆ ದೇಶಕ್ಕೆ ಹೋಗಿ ಮಾಡಿಸಿಕೊಳ್ಳಲಿ, ಅದಕ್ಕೆಂತ?" ಎಂದು ನಾನು ವ್ಯಾವಹಾರಿಕವಾಗಿ ಬುದ್ಧಿ ಹೇಳಿದೆ.

"ಹೋಗಲಿಕ್ಕೆ ಪಾಸ್‌ಪೋರ್ಟ್ ಬೇಕಲ್ಲ ಮಾರಾಯ್ರೆ!"

ನಾನು ಎಂಥೆಂಥ ಗಂಟುಗಳನ್ನು ಬಿಡಿಸಿದವನು. ಆದರೆ ಇದಕ್ಕೆ ತುದಿ ಎಲ್ಲಿ, ಬುಡ ಎಲ್ಲಿ?

ಅಲ್ಲಿಂದ ಶುರುವಾಯಿತು. ಸರ್ಕಾರ ಆ ದ್ವೀಪ ದೇಶಗಳ ಜೊತೆ ಬಾಂಧವ್ಯ ಬೆಳೆಸುತ್ತೇವೆ ಎಂದು ಹೇಳುತ್ತದಲ್ಲ, ಅದರ ಬಗ್ಗೆ ಸದನದಲ್ಲಿ ಯಾರು ಏನು ಕೇಳಿದರು, ಯಾರು ಏನು ಹೇಳಿದರು ಎಂಬುದೆಲ್ಲ ಪೊರ್ಬುಗಳಿಗೆ ಬಾಯಿಪಾಠ. ನನ್ನ ಅಂಗಡಿಗೆ ಫ್ರಿಜ್ಜು ಕೊಳ್ಳಲು ಬಂದವರಿಗೂ ಅವರು ಕೇಳುವ ಮೊದಲ ಪ್ರಶ್ನೆ: "ಪೆಸಿಫಿಕ್‌ನಲ್ಲಿ ನಮ್ಮ ಎಷ್ಟು ರಾಯಭಾರ ಕಚೇರಿ ಉಂಟು, ಗೊತ್ತುಂಟಾ?" ಮಗನನ್ನು ಕಾಲೇಜಿಗೆ ಸೇರಿಸಲು ಬಂದ ತಂದೆ ಇದಕ್ಕೆ ಎಂತ ಹೇಳಬೇಕು? "ನೋಡುವ" ಎಂದು ಮೆಟ್ಟಿಲು ಇಳಿಯುತ್ತಾನೆ!

ಇನ್ನು ಕುರ್ಚಿಯ ಕತೆ. ಕಾಪುವಿನ ಒಂದು ಮನೆಯಿಂದ ನಾನು ಒಂದು ತೂಗುಕುರ್ಚಿ ತಂದಿದ್ದೆ. ಬೆತ್ತದ್ದು, ಸಾಗುವಾನಿಯ ಕೈ. ಪೊರ್ಬುಗಳು ಅದನ್ನೊಮ್ಮೆ ತೂಗಿ ನೋಡಿ, "ಇದು ಅಕ್ಕನಿಗೆ. ಅವಳು ಬರುವವರೆಗೆ ಮಾರಬೇಡಿ" ಎಂದರು.

"ನೋಡುವ ಪೊರ್ಬುಗಳೇ" ಎಂದೆ. ಬಾಯಿಯ ಅಭ್ಯಾಸ.

ತೆಗೆದುಕೊಳ್ಳಿ! ಅವತ್ತಿನಿಂದ ಅದು ಸದನಕ್ಕೆ ಕೊಟ್ಟ ಆಶ್ವಾಸನೆಯಾಯಿತು. ದಿನಾ ಬೆಳಿಗ್ಗೆ ಅದರ ಸ್ಥಿತಿಗತಿ ವಿಚಾರಣೆ. ಒಮ್ಮೆ ಉಚ್ಚಿಲದ ಕಡೆಯ ದಂಪತಿ ಕುರ್ಚಿಯನ್ನು ಮೆಚ್ಚಿ, ನಾನು ಹೇಳಿದ ಬೆಲೆಗೇ ಒಪ್ಪಿದರು. ಹೇಳಿದ ಬೆಲೆಗೆ! ನನ್ನ ಜೀವಮಾನದಲ್ಲಿ ಅಂಥ ದಿನ ಎಷ್ಟು ಬಂದಾವು? ಅಷ್ಟರಲ್ಲಿ ಸೋಫಾದಿಂದ ಗಂಭೀರವಾದ ಧ್ವನಿ: "ಈ ಕುರ್ಚಿಯ ವಿಷಯ ಇನ್ನೂ ಬಾಕಿ ಉಂಟು. ತೀರ್ಮಾನ ಆಗಿಲ್ಲ."

ಹೆಂಗಸು ಗಂಡನ ತೋಳು ಹಿಡಿದಳು. "ಕೋರ್ಟ್ ಕೇಸಾ? ಬೇಡಪ್ಪ ನಮಗೆ, ಬನ್ನಿ ಬನ್ನಿ!"

"ಎಂತ ಮಾಡಿದಿರಿ ಪೊರ್ಬುಗಳೇ! ನಿಮಗೆ ಬಾಡಿಗೆ ಎಲ್ಲಿಂದ ಕೊಡಲಿ?"

"ಅದು ಪ್ರತ್ಯೇಕ ಪ್ರಶ್ನೆ" ಎಂದರು. "ಬೇರೆ ನೋಟಿಸು ಕೊಡಿ."

ಈ ನಡುವೆ ಉತ್ತರದ ಯಾವುದೋ ರಾಜ್ಯದ ಒಬ್ಬ ಸದಸ್ಯರು ಆ ದ್ವೀಪಗಳ ಬಗ್ಗೆ ಆಗಾಗ ಪ್ರಶ್ನೆ ಹಾಕುತ್ತಾರೆ ಎಂದು ಪೊರ್ಬುಗಳಿಗೆ ಗೊತ್ತಾಯಿತು. ನಂಬರು ಹುಡುಕಿ, ನನ್ನ ಅಂಗಡಿಯಿಂದಲೇ ಫೋನು ಮಾಡಿದರು. ಹಿಂದಿ ಮಸ್ಕತ್ತಿನದು. ಅರ್ಧ ಅರಬಿ, ಅರ್ಧ ಮಲಯಾಳ, ಉಳಿದದ್ದು ಕೈಸನ್ನೆ. ಸ್ಪೀಕರ್ ಹಾಕಿದ್ದರಿಂದ ಆ ಕಡೆಯ ಸಹಾಯಕನ ಮಾತು ನನಗೂ ಕೇಳಿಸುತ್ತಿತ್ತು. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ಸಿಸ್ಟರ್ ಸಿಕ್ಕಿಬಿದ್ದಿದ್ದಾರೆ ಎನ್ನುತ್ತೀರಿ. ಯಾವ ಸಿಸ್ಟರ್? ನರ್ಸಾ, ಕನ್ಯಾಸ್ತ್ರೀಯಾ, ಅಥವಾ ನಿಮ್ಮ ಸ್ವಂತ ಸಿಸ್ಟರಾ?"

"ಮೂರೂ!" ಎಂದು ಪೊರ್ಬುಗಳು ಕೂಗಿದರು. "ಊರಿಗೆಲ್ಲ ಸಿಸ್ಟರ್ ಸಾರ್ ಅವಳು. ಆದರೆ ನಿಜವಾದ ಸಿಸ್ಟರ್ ನನಗೊಬ್ಬನಿಗೇ!"

ಸಹಾಯಕ ದ್ವೀಪದ ಹೆಸರನ್ನು ಇನ್ನೊಮ್ಮೆ ಕೇಳಿ ಬರೆದುಕೊಂಡ.

ಮುಂದಿನ ಅಧಿವೇಶನದಲ್ಲಿ ಪ್ರಶ್ನೆ ಬಂತು, ಮಾರಾಯ್ರೆ! ಕಚೇರಿ ಇಲ್ಲದ ದ್ವೀಪಗಳಿಗೆ ಅಧಿಕಾರಿಗಳೇ ಹೋಗಿ ಪಾಸ್‌ಪೋರ್ಟ್ ಶಿಬಿರ ನಡೆಸುವ ಯೋಚನೆ ಸರ್ಕಾರಕ್ಕೆ ಇದೆಯೇ ಎಂದು. ನಾನೂ ಪೊರ್ಬುಗಳೂ ಒಂದೇ ಸೋಫಾದಲ್ಲಿ ಕುಳಿತು ನೋಡಿದೆವು. ಸಚಿವರು ಎದ್ದು, ಪರಿಶೀಲಿಸಲಾಗುವುದು ಎಂದು ಹೇಳಿ ಕುಳಿತರು.

"ಹೋಯ್ತು" ಎಂದೆ ನಾನು. "ಪೊರ್ಬುಗಳೇ, ಇದು ನಮ್ಮ ‘ನೋಡುವ’!"

"ಅಲ್ಲ! ನೀವು ಹೇಳಿದರೆ ಅದು ನೋಡುವ. ಸದನದಲ್ಲಿ ಹೇಳಿದರೆ ಆಶ್ವಾಸನೆ. ಅದನ್ನು ಬೆನ್ನು ಹತ್ತಲಿಕ್ಕೆಂದೇ ಸದಸ್ಯರ ಒಂದು ಸಮಿತಿ ಉಂಟು. ಎಂತ ಆಯ್ತು, ಎಂತ ಆಯ್ತು ಎಂದು ಕೇಳುತ್ತಲೇ ಇರುತ್ತದೆ ಅದು."

ಆ ಸಮಿತಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಗಿರಾಕಿಗಳ ಹಿಂದೆ ಓಡಲು ಅಂಥದ್ದೊಂದು ಇದ್ದಿದ್ದರೆ ನಾನು ಇಷ್ಟರಲ್ಲಿ ಅರ್ಧ ಮಣಿಪಾಲವನ್ನು ಕೊಂಡಿರುತ್ತಿದ್ದೆ!

ಮಳೆಗಾಲ ಬಂತು, ಹೋಯಿತು. ಒಂದು ಬೆಳಿಗ್ಗೆ ಪೊರ್ಬುಗಳು ಚಪ್ಪಲಿ ಹಾಕದೆ ಓಡಿ ಬಂದರು. ದ್ವೀಪದಲ್ಲಿ ಶಿಬಿರ ನಡೆಯಿತಂತೆ. ಇಬ್ಬರು ಅಧಿಕಾರಿಗಳು ಪೆಟ್ಟಿಗೆ ಹಿಡಿದು ವಿಮಾನದಿಂದ ಇಳಿದರಂತೆ. ಅಕ್ಕ ಬೆರಳಚ್ಚು ಕೊಟ್ಟಳಂತೆ! ಅದು ಆ ಪ್ರಶ್ನೆಯಿಂದ ಆಯಿತೋ, ತಾನಾಗಿ ಆಗುವುದಿತ್ತೋ, ನನಗೆ ಗೊತ್ತಿಲ್ಲ. ಪೊರ್ಬುಗಳ ಹತ್ತಿರ ಈ ಸಂಶಯ ಎತ್ತಿ ನೋಡಿ, ಆಮೇಲೆ ನಿಮ್ಮ ಪಾಡು ನಿಮಗೆ.

ಸಿಸ್ಟರ್ ಬಂದ ದಿನ ಕುರ್ಚಿಯನ್ನು ನಾನೇ ಹೊತ್ತು ಹಿಂದಿನ ಮನೆಗೆ ಕೊಂಡುಹೋದೆ. ಬಿಸಿಲಿಗೆ ಕಪ್ಪಾದ ಸಣ್ಣ ಜೀವ. ಕುಳಿತು ಎರಡು ಸಲ ತೂಗಿ, ಹಳೆಯ ಕಾಲದ ಶುದ್ಧ ಕನ್ನಡದಲ್ಲಿ, "ಕುರ್ಚಿ ಚೆನ್ನಾಗಿದೆ. ಆದರೆ ನೀವು ಬೆಲೆ ಹೆಚ್ಚು ಹೇಳಿರಬೇಕು" ಎಂದರು. ಹೆಂಗಸು ಸಾಮಾನ್ಯದವರಲ್ಲ!

ಆಮೇಲೆ ದ್ವೀಪದ ಮಾತೇ ಮಾತು. ಚಂಡಮಾರುತಕ್ಕೆ ಹಾರಿಹೋದ ಆಸ್ಪತ್ರೆಯ ಮಾಡನ್ನು ಇನ್ನೂ ಹೊದಿಸಿ ಆಗಿಲ್ಲವಂತೆ. ತಾವು ಹೆರಿಗೆ ಮಾಡಿಸಿದ ಮಕ್ಕಳ ಮಕ್ಕಳು ವಿಮಾನದವರೆಗೆ ಬಂದು ಅತ್ತರಂತೆ. ಪೊರ್ಬುಗಳು ಎದುರಿನ ಮಣೆಯ ಮೇಲೆ ಕುಳಿತು ಕೇಳುತ್ತಿದ್ದರು. ಜಗತ್ತನ್ನೆಲ್ಲ ಪ್ರಶ್ನೆ ಕೇಳಿ ಹಣ್ಣು ಮಾಡಿದವರು ಅವತ್ತು ಕೊನೆಗೆ ಒಂದೇ ಒಂದು ಕೇಳಿದರು. ಅದಕ್ಕೆ ಹಾಗಿದ್ದಲ್ಲಿಯೂ ಇಲ್ಲ, ಇಲ್ಲದಿದ್ದಲ್ಲಿಯೂ ಇಲ್ಲ.

"ಇನ್ನು ಇಲ್ಲಿಯೇ ಇರುತ್ತೀಯಲ್ಲ?"

ಸಿಸ್ಟರ್ ಕುರ್ಚಿಯ ಕೈಯನ್ನು ಸವರುತ್ತ ಕೊಂಕಣಿಯಲ್ಲಿ ಹೇಳಿದರು: "ಪಳೆವ್ಯಾಂ."

ಪೊರ್ಬುಗಳು ಚಹಾ ತರುತ್ತೇನೆಂದು ಎದ್ದು ಒಳಗೆ ಹೋದರು. ಆಗ ನನಗೆ ಹೊಳೆಯಿತು: ಅಷ್ಟು ಹೋರಾಡಿ ಮಾಡಿಸಿದ ಆ ಪಾಸ್‌ಪೋರ್ಟಿನಲ್ಲಿ ಬರಲಿಕ್ಕೂ ಆಗುತ್ತದೆ, ಹೋಗಲಿಕ್ಕೂ ಆಗುತ್ತದೆ.

ಮರುದಿನ ಬೆಳಿಗ್ಗೆ ಅವರು ಅಂಗಡಿಗೆ ಬಂದರು. ಮೊಬೈಲ್ ಹಚ್ಚಲಿಲ್ಲ, ಸೋಫಾದಲ್ಲಿ ಕೂರಲಿಲ್ಲ. ಮೆಟ್ಟಿಲ ಹತ್ತಿರವೇ ನಿಂತರು.

"ಮಾರಾಯ್ರೆ, ನೀವು ವ್ಯಾಪಾರದವರು. ಒಂದು ಕೇಳುತ್ತೇನೆ, ನಿಜ ಹೇಳಬೇಕು. ಈ ‘ನೋಡುವ’ ಎಂದು ಹೇಳಿ ಇಳಿದವರು ಇದ್ದಾರಲ್ಲ, ಅವರಲ್ಲಿ ಎಷ್ಟು ಜನ ನಿಮ್ಮ ಅಂಗಡಿಗೆ ತಿರುಗಿ ಬರುತ್ತಾರೆ?"

ನನ್ನ ವ್ಯಾಪಾರದ ಮೊದಲನೆಯ ಪಾಠ ಏನೆಂದು ನಿಮಗೆ ಆಗಲೇ ಹೇಳಿದ್ದೇನೆ. ನಾನು ಸೋಫಾದ ಧೂಳನ್ನು ಕೊಡವಿ, ಅವರನ್ನು ಕೈಹಿಡಿದು ಕೂರಿಸಿದೆ.

"ಎಲ್ಲರೂ ಬರುತ್ತಾರೆ ಪೊರ್ಬುಗಳೇ" ಎಂದೆ. "ಒಬ್ಬರೂ ತಪ್ಪಿದ್ದಿಲ್ಲ."