ಮೂರು ಸಲ ಸತ್ತು ಮನೆಗೆ ಬಂದವರು

ನಮ್ಮ ಸೋದರಮಾವ ಒಟ್ಟು ನಾಲ್ಕು ಸಲ ಸತ್ತವರು. ಮೊದಲ ಮೂರು ಸಲ, ಸತ್ತ ಮರುದಿನವೇ ಬಾದಾಮಿಯಿಂದ ಬಸ್ಸು ಹಿಡಿದು ಇಳಕಲ್ಲಿಗೆ ಬಂದು, ಚಪ್ಪಲಿ ಬಿಡುವ ಮೊದಲೇ ಚಹಾ ಕೇಳಿದವರು! ನಂಬಿಕೆ ಬರುವುದಿಲ್ಲವೇ? ಆ ಚಹಾ ಮಾಡಿಕೊಟ್ಟವಳೇ ನಾನು. ಹೈಸ್ಕೂಲು ಓದಲು ಅವರ ಮನೆಯಲ್ಲಿದ್ದೆ.

ಮಾಮಾ ಸಿನಿಮಾ ನಟರು. ಹೀರೋ ಅಲ್ಲ, ಖಳನಾಯಕನೂ ಅಲ್ಲ. ಹೀರೋ ಕುದುರೆ ಇಳಿದಾಗ ಲಗಾಮು ಹಿಡಿಯಲು ಒಬ್ಬ ಬೇಕಲ್ಲ, ಆ ಒಬ್ಬ. ಉಳಿದ ದಿನಗಳಲ್ಲಿ ಸೀರೆ ಅಂಗಡಿಯ ಕೆಲಸ. ಅಲ್ಲಾದರೂ ಅವರ ಮುಖ ಯಾರಿಗೆ ಕಾಣಬೇಕು? ಸೆರಗು ಬಿಚ್ಚಿ ಎತ್ತಿ ಹಿಡಿದರೆಂದರೆ ಹೆಂಗಸರ ಕಣ್ಣೆಲ್ಲ ಕೆಂಪು ಸೆರಗಿನ ಬಿಳಿ ತೆನೆ ಚಿತ್ತಾರದ ಮೇಲೆ. ಹಿಂದೆ ಮನುಷ್ಯ ನಿಂತಿದ್ದಾನೋ, ಗೂಟ ನಿಂತಿದೆಯೋ, ಕೇಳುವವರಿಲ್ಲ!

ಈ ನಟನೆಯ ಹುಚ್ಚು ಹತ್ತಿಸಿದವನು ಒಬ್ಬ ವಿಲಾಯತಿಯ ಸಾಹೇಬ. ಎಪ್ಪತ್ತರ ದಶಕದಲ್ಲಿ ಬಾದಾಮಿಯ ಗುಹೆಗಳ ಮುಂದೆ ಪರದೇಶದವರ ಶೂಟಿಂಗ್ ನಡೆದಿತ್ತು. ಕಲೆಕ್ಟರನ ಪಾತ್ರಕ್ಕೆ ಸ್ಕಾಟ್ಲಂಡಿನಿಂದ ಬಂದ ಒಬ್ಬ ವಯಸ್ಸಾದ ನಟ. ಅವನಿಗೆ ಛತ್ರಿ ಹಿಡಿಯಲು ನಮ್ಮ ಮಾಮಾ. ಊಟದ ಹೊತ್ತಿನಲ್ಲಿ ಸಾಹೇಬ ದುಭಾಷಿಯ ಬಾಯಿಂದ ಹೇಳಿಸಿದನಂತೆ: “ನಾನೂ ನಿನ್ನ ಹಾಗೆಯೇ. ಪೊಲೀಸ್, ಪಾದ್ರಿ, ಹೆಂಡದಂಗಡಿಯವನು... ಸಿನಿಮಾದಲ್ಲೂ ಟಿ.ವಿ.ಯಲ್ಲೂ ಮೂವತ್ತು ವರ್ಷ ಬರೀ ಸಣ್ಣ ಪಾತ್ರ. ನಮ್ಮೂರಿನಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ, ಮುಖ ಎಲ್ಲರಿಗೂ ಗೊತ್ತು. ಬ್ರೆಡ್ಡು ತರಲು ಹೋದರೆ ಅಂಗಡಿಯವಳು ನಗುತ್ತಾಳೆ. ಅಷ್ಟು ಸಾಕು.”

ಮಾಮಾ ಅದನ್ನು ದೀಕ್ಷೆಯ ಹಾಗೆ ತೆಗೆದುಕೊಂಡರು. “ಹೆಸರು ಬ್ಯಾಡವಾ ನನಗ. ಮಾರಿ ಕಾಣಬೇಕು. ನಿಮ್ಮತ್ತಿ ಒಮ್ಮೆ ಸಿನಿಮಾ ಪಡದಾದ ಮ್ಯಾಲೆ ನನ್ನ ಮಾರಿ ನೋಡಬೇಕು. ಅಷ್ಟ!”

ಆದರೆ ಆ ಸಿನಿಮಾ ನಮ್ಮ ಕಡೆಗೆ ಬರಲೇ ಇಲ್ಲ. ಆಮೇಲೆ ಇನ್ನೊಂದು ಸಿನಿಮಾದ ಯುದ್ಧದಲ್ಲಿ ಸತ್ತರೆ ಮುಖದ ಮುಂದೆ ಕುದುರೆ ನಿಂತಿತು. ಹೊಂಡದಲ್ಲಿ ಮುಳುಗಿ ಸತ್ತರೆ ತಲೆತನಕ ಚಾದರ ಹೊದಿಸಿದರು. ಟಾಕೀಸಿನಲ್ಲಿ ಅತ್ತೆ ಪಿಸುಗುಟ್ಟುತ್ತಿದ್ದರು, “ಇದರಾಗ ನೀವು ಯಾವದ್ರಿ?”

“ಕುದುರಿ ಕೆಳಗ ಎಡಗಾಲು ಕಾಣತದಲ್ಲ, ಅದು!”

“ಹೌದ್ ಬಿಡ್ರಿ. ಒಡದ ಹಿಮ್ಮಡಿ ನೋಡಿದ ಕೂಡ್ಲೇ ಗುರ್ತು ಸಿಕ್ತು.”

ಇನ್ನು ತಾಲೀಮು! ಮಾಮಾನ ಮಾತು ಒಂದೇ: “ಧಣ್ಯಾರ, ಗಾಡಿ ಬಂತ್ರಿ.” ಆದರೆ ಅದನ್ನು ಸುಮ್ಮನೆ ಹೇಳುವುದುಂಟೇ? ಮೊದಲು ಧಣಿ ಗುಡುಗಬೇಕು, ಧಣಿಯ ಹೆಂಡತಿ ಅಳಬೇಕು, ಮಗಳು ಶಾಪ ಹಾಕಬೇಕು. ಅವೆಲ್ಲ ನಾನೇ! ನಾನು ಅರ್ಧ ತಾಸು ಗುಡುಗಿ, ಅತ್ತು, ಶಪಿಸಿ ಸುಸ್ತಾದ ಮೇಲೆ ಮಾಮಾ ಬಾಗಿಲಲ್ಲಿ ಕಾಣಿಸಿಕೊಂಡು ಗಾಡಿ ತರುತ್ತಿದ್ದರು. ನಾಲ್ಕು ಮಂದಿಯ ಮುಂದೆ ನಿಂತರೆ ನಾಲಿಗೆ ಅಂಟಿಕೊಳ್ಳುತ್ತಿದ್ದ ಹುಡುಗಿ ನಾನು. ಇವತ್ತು ನಾಲ್ಕು ಮಾತು ಆಡುತ್ತೇನೆ, ಬರೆಯುತ್ತೇನೆ ಎಂದರೆ ಅದು ಮಾಮಾ ತಾವು ಒಂದೇ ಮಾತು ಇಟ್ಟುಕೊಂಡು ಉಳಿದದ್ದೆಲ್ಲ ನನಗೆ ಬಿಟ್ಟುಕೊಟ್ಟದ್ದರಿಂದ.

ಮೂರನೆಯ ಸಾವಿಗೆ ಬರೋಣ. ಬಡ್ತಿ ಸಿಕ್ಕಿತ್ತು; ಈ ಸಲ ಸತ್ತ ಗೌಡ! ಮಾಮಾ ಪಡಸಾಲೆಯ ಗೋಡೆಗೆ ಒರಗಿ ಕೂತು ಸಾಯುವುದನ್ನು ಎಂಟು ದಿನ ಅಭ್ಯಾಸ ಮಾಡಿದರು.

“ಏಳ್ರಿ, ರೊಟ್ಟಿ ಆರಾಕತ್ತಾವು” ಎಂದರು ಅತ್ತೆ.

“ಹೆಣ ರೊಟ್ಟಿ ತಿನ್ನೂದಿಲ್ಲ.”

“ಹೆಣ ಮಾತೂ ಆಡೂದಿಲ್ಲ!”

ಬಾದಾಮಿಗೆ ನಾನೂ ಹೋಗಿದ್ದೆ. ಬೆಂಗಳೂರಿನ ನಿರ್ದೇಶಕರು ಚಾಪೆ ತೋರಿಸಿದರು. “ಸ್ವಾಮಿ, ನೀವು ಸತ್ತಿದ್ದೀರಿ. ಮಲಗಿ.”

“ಸತ್ತೇನ್ರಿ, ಖರೆ. ಆದ್ರ ಈ ಗೌಡ ನಮ್ಮ ಪೈಕಿ, ಲಿಂಗವಂತ. ನಮ್ಮಾಗ ಸತ್ತವರು ಮಲಗೂದಿಲ್ರಿ, ಕುಂಡರತಾರ.”

“ಹೆಣ ಕೂತ್ಕೊಂಡ್ರೆ ಜನ ನಗ್ತಾರೆ ಕಣ್ರೀ!”

“ಮಲಗಿದ್ರ ನಮ್ಮ ಮಂದಿ ಗೌಡಗ ಜ್ವರ ಬಂದೈತಿ ಅಂತ ತಿಳೀತಾರ್ರಿ!”

ನಿರ್ದೇಶಕರು ಗದರಿಸಿ ಮಲಗಿಸಿಯೇ ಬಿಟ್ಟರು. ಆದರೆ ಅಳಲೆಂದು ಕೆರೂರಿನಿಂದ ಕರೆಸಿದ್ದ ಹೆಂಗಸರಿಗೆ ಅಳುವೇ ಬರವಲ್ಲದು! ಅವರಲ್ಲಿ ಹಿರಿಯಳೊಬ್ಬಳು ಎದ್ದು ನಿಂತು ಹೇಳಿಯೇ ಬಿಟ್ಟಳು: “ನಿದ್ದಿ ಹತ್ತಿದ ಮನಶ್ಯಾನ ಮುಂದ ಹ್ಯಾಂಗ ಅಳೂದೋ ಯಪ್ಪಾ? ಎಬ್ಬಿಸಿ ಕುಂಡ್ರಸ್ರಿ, ಅಳತೇವಿ.”

ಕೂರಿಸಿದರು. ಹಣೆಗೆ ವಿಭೂತಿ, ತಲೆಗೆ ರುಮಾಲು, ಕೊರಳಿಗೆ ಮಾಲೆ. ಹೆಂಗಸರು ಎಂಥ ಅಳು ಅತ್ತರೆಂದರೆ ನಿರ್ದೇಶಕರೇ ಮೂಗು ಒರೆಸಿಕೊಂಡರು. ಕ್ಯಾಮೆರಾ ಮಾಮಾನ ಮುಖದ ಮೇಲೆ ನಿಂತಿತು. ಮಲಗಿದ್ದರೆ ಸಿಗುತ್ತಿತ್ತೇ ಈ ಭಾಗ್ಯ?

ಆ ಸಿನಿಮಾ ಬಾಗಲಕೋಟೆಗೆ ಬಂದಾಗ ಮನೆ ಮಂದಿಯೆಲ್ಲ ಹೋದೆವು. ಪರದೆಯ ತುಂಬ ಮಾಮಾನ ಮುಖ! ಮಾಮಾ ಮಾತ್ರ ಪರದೆ ನೋಡುತ್ತಿರಲಿಲ್ಲ, ಅತ್ತೆಯನ್ನು ನೋಡುತ್ತಿದ್ದರು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತುಬಿಟ್ಟಿದ್ದರು.

ಹೊರಗೆ ಬಂದ ಮೇಲೆ ಮಾಮಾ ಕೇಳಿದರು, “ನೋಡಿದ್ಯೋ ಇಲ್ಲೋ?”

“ಇಲ್ಲ. ಜೀವಂತ ಇದ್ದವರನ್ನ ಬಾಜೂಕ ಕುಂಡ್ರಿಸಿಕೊಂಡು ಸತ್ತವರನ್ನ ಯಾಕ ನೋಡ್ಲಿ? ಕೊರಳಾಗ ತಾಳಿ ಐತಿ ನನಗ.”

ವಾಪಸು ಬರುವಾಗ ಬಸ್ಸು ಹುನಗುಂದದಲ್ಲಿ ನಿಂತಿತು. ಮಾಮಾ ಇಳಿದು, ಬಿಸಿ ಮಿರ್ಚಿ ಭಜಿ ತಂದು, ಅತ್ತೆಯ ಕೈಗಿಟ್ಟು ಹೇಳಿದರು, “ಮುಂದಿನ ಸಲ ಜೀವಂತ ಪಾರ್ಟು ಮಾಡ್ತೇನಿ.”

“ಮಾಡ್ರಿ. ಎರಡೆರಡು ಸಲ ನೋಡ್ತೇನಿ.”

ಎಂಬತ್ತರ ದಶಕದಲ್ಲಿ ಟಿ.ವಿ. ಬಂತು, ಮಾಮಾನಿಗೊಂದು ಜೀವಂತ ಪಾತ್ರವೂ ಬಂತು. ನೆರೆಮನೆಯ ಟಿ.ವಿ. ಮುಂದೆ ಅತ್ತೆ ಹೊಸ ಸೀರೆ ಉಟ್ಟು ಕೂತರು. ನಾಟಕದಲ್ಲಿ ಯಾರೋ ಬಾಗಿಲು ಬಡಿದರು. ಒಳಗಿನಿಂದ ಮಾಮಾನ ದನಿ: “ಯಾರದು?” ಮುಗಿಯಿತು! ಬಾಗಿಲು ತೆರೆಯಲೇ ಇಲ್ಲ. ಅತ್ತೆ ಟಿ.ವಿ.ಗೇ ಕೂಗಿದರು, “ಒಮ್ಮೆ ಬಾಗಲಾ ತಗೀರಿ!”

ಮತ್ತೆ ಪಾತ್ರ ಸಿಗಲಿಲ್ಲ. ನಾಲ್ಕನೆಯ ಸಲ ಮಾಮಾ ಸತ್ತದ್ದು ಮನೆಯಲ್ಲೇ, ಒಂದು ಬೆಳಿಗ್ಗೆ. ಅಭ್ಯಾಸ ಮಾಡಿದ ಅದೇ ಗೋಡೆಗೆ ಆನಿಸಿ ಕೂರಿಸಿದೆವು. ವಿಭೂತಿ, ರುಮಾಲು, ಮಾಲೆ. ಅತ್ತೆ ಬಂದು ಎದುರಿಗೆ ಕೂತರು. ನೆರೆಮನೆಯವರು ಅವರ ಸೆರಗೆಳೆದು ಕಣ್ಣಿಗೆ ಮರೆ ಮಾಡಹೋದರು, “ನೋಡಬ್ಯಾಡವಾ, ಒಳಗ ನಡಿ.”

ಅತ್ತೆ ಮೆಲ್ಲಗೆ ಆ ಕೈ ಸರಿಸಿದರು.

“ಬಿಡವಾ. ಇವರಿಗೆ ಎರಡೆರಡು ಸಲ ನೋಡ್ತೇನಿ ಅಂದಿದ್ದೆ.”